ಕ್ಲಚ್ ಮೇಲೆ ಮನೆ ಕಟ್ಟಿದ ಎಡಗಾಲು

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಗೇರ್ ಹಾಕುವ ವಿದ್ಯೆಯಲ್ಲಿ ನನಗೆ ಪಾಠ ಹೇಳುವವರು ಈ ಭೂಮಿಯ ಮೇಲಿಲ್ಲ ಎಂದು ಹೋದ ಮಳೆಗಾಲದವರೆಗೂ ನಂಬಿದ್ದೆ. ಯಶವಂತನಗರದಿಂದ ಹೊಸಪೇಟೆಗೆ ಅದಿರು ತುಂಬಿದ ಹತ್ತು ಗಾಲಿಯ ಲಾರಿಯನ್ನು ಹದಿನೆಂಟು ವರ್ಷ ಓಡಿಸಿದ್ದೇನೆ. ಸಂಡೂರಿನ ಇಳಿಜಾರಿನಲ್ಲಿ ಒಂದು ದಿನವೂ ಅದು ನನ್ನ ಮಾತು ಮೀರಿಲ್ಲ.

ಆದ್ದರಿಂದ ಬುಕ್ಕಸಾಗರದಲ್ಲಿ ನನ್ನ ಹೆಂಡತಿ ಹುಲಿಗೆಮ್ಮನ ತಮ್ಮ ವಿರುಪಣ್ಣ ಎಡಗಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಾಗ, ಅವನ ಟ್ರ್ಯಾಕ್ಟರಿನಿಂದ ಭತ್ತದ ಗದ್ದೆಯ ಕೆಸರು ಹೊಡೆದುಕೊಡುವ ಹೊಣೆಯನ್ನು ತುಂಬಿದ ಸಭೆಯಲ್ಲಿ, ಅಂದರೆ ಅತ್ತೆ ಮನೆಯ ಪಡಸಾಲೆಯಲ್ಲಿ, ವಿಧ್ಯುಕ್ತವಾಗಿ ವಹಿಸಿಕೊಂಡೆ.

ಸಣ್ಣ ಹೊಣೆಯೇನಲ್ಲ. ಸಸಿ ಕಿತ್ತು ಕಟ್ಟು ಕಟ್ಟಿ ಆಗಿತ್ತು. ನಾಟಿ ಹಚ್ಚುವ ಹೆಣ್ಣುಮಕ್ಕಳು ಅವತ್ತೊಂದೇ ದಿನಕ್ಕೆ ಸಿಕ್ಕಿದ್ದರು. ಮರುದಿನದಿಂದ ಅವರು ಕಂಪ್ಲಿ ಕಡೆಯ ಗದ್ದೆಗಳಿಗೆ. ಸಂಜೆಯೊಳಗೆ ನಾಟಿ ಮುಗಿಯದಿದ್ದರೆ ಸಸಿ ಕೆಟ್ಟು, ವಿರುಪಣ್ಣನ ಬೆಳೆಯೇ ತಪ್ಪುತ್ತಿತ್ತು.

"ಮಾವ, ಒಂದು ಮಾತು," ಎಂದ ವಿರುಪಣ್ಣ. "ಗೇರ್ ಬದ್ಲಿ ಮಾಡಬೇಕಂದ್ರ ಗಾಡಿ ನಿಂದ್ರಸ್ರಿ. ಕ್ಲಚ್ ಪೂರಾ ತುಳೀರಿ, ಗೇರ್ ಹಾಕ್ರಿ, ನಿಧಾನಕ ಬಿಡ್ರಿ. ಬಿಟ್ಟ ಮ್ಯಾಲ ಕಾಲು ಕೆಳಗಿಡ್ರಿ, ಇಲ್ಲಂದ್ರ ಪ್ಲೇಟ್ ಸುಡತೈತಿ."

"ಲೇ, ಗುಡ್ಡದಿಂದ ಅದಿರು ಇಳಿಸಿದ ಕಾಲಿದು."

"ಅದಿರು ಬ್ಯಾರೆ, ಕೆಸರು ಬ್ಯಾರೆ ಮಾವ."

"ಕಾಲು ಮುರಕೊಂಡವ್ರು ಕಾಲಿನ ವಿಷಯ ಮಾತಾಡಬಾರದು," ಎಂದೆ. ಪಡಸಾಲೆ ನಕ್ಕಿತು. ಆ ನಗು ನನಗೆ ಮಧ್ಯಾಹ್ನದವರೆಗೂ ಸಾಕಾಗುವಷ್ಟಿತ್ತು.

ಇಲ್ಲಿ ಒಂದು ಸಂಗತಿ ಒಪ್ಪಿಕೊಳ್ಳಬೇಕು. ಅದಿರು ಲಾರಿಯವನ ಅರ್ಧ ಆಯುಷ್ಯ ಲಾರಿ ತೂಗುವ ಕಟ್ಟೆಯ ಮುಂದಿನ ಸಾಲಿನಲ್ಲಿ ಕಳೆಯುತ್ತದೆ. ಲಾರಿ ಒಂದು ಮೊಳ ಸರಿಯುತ್ತದೆ, ನಿಲ್ಲುತ್ತದೆ, ಮತ್ತೊಂದು ಮೊಳ ಸರಿಯುತ್ತದೆ. ಕಾಲು ತೆಗೆದು ಕೆಳಗಿಡುವುದರೊಳಗೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೀಗಾಗಿ ನನ್ನ ಎಡಗಾಲು ಕ್ಲಚ್ ಮೇಲೆಯೇ ಮನೆ ಕಟ್ಟಿಕೊಂಡು ಸಂಸಾರ ಹೂಡಿತ್ತು. ಕ್ಲಚ್ ಪ್ಲೇಟ್ ಸವೆದಾಗಲೆಲ್ಲ ಮಾಲೀಕರ ಫಿಟ್ಟರ್ ಬಂದು ಬದಲಿಸುತ್ತಿದ್ದ. ಸವೆಯುವುದು ಪ್ಲೇಟಿನ ಹಣೆಬರಹ ಎಂದುಕೊಂಡಿದ್ದೆ.

ಅಂದು ಬೆಳಿಗ್ಗೆಯೇ ಗದ್ದೆಗೆ ಇಳಿದೆ. ಎರಡು ಸುತ್ತು ಚೆನ್ನಾಗಿಯೇ ಆಯಿತು. ಮೂರನೆಯ ಸುತ್ತಿಗೆ ವೇಗ ಸಾಲದೆನಿಸಿ, ಲಾರಿಯ ಪದ್ಧತಿಯಂತೆ ಓಡುತ್ತಿರುವಾಗಲೇ ಎರಡು ಸಲ ಕ್ಲಚ್ ಒದ್ದು ಗೇರ್ ಎಳೆದೆ. ಹಂದಿ ಹಿಡಿದಾಗ ಕೇಳುವಂಥ ಸದ್ದು ಬಂತು. ಬದುವಿನ ಮೇಲಿದ್ದ ಕೊಕ್ಕರೆಗಳು ಹಾರಿಹೋದವು. ಕೊನೆಗೆ ಟ್ರ್ಯಾಕ್ಟರ್ ನಿಲ್ಲಿಸಿ ಗೇರ್ ಹಾಕಿದೆ. ಯಾರೂ ನೋಡಲಿಲ್ಲ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಹೊಡೆಯಿತು. ಬುತ್ತಿ ತಂದಿದ್ದ ಹುಲಿಗೆಮ್ಮ ಬದುವಿನಿಂದಲೇ ಮೂಗು ಮುಚ್ಚಿಕೊಂಡು, "ಏನೋ ಸುಡಾಕತ್ತೈತ್ರಿ," ಎಂದಳು.

"ಯಾರೋ ಹುಲ್ಲು ಸುಡ್ತಿರಬೇಕು."

"ಇಂಥಾ ಮಳ್ಯಾಗ?"

ನಾನು ಕೇಳಿಸದವನಂತೆ ಸ್ಟೀರಿಂಗ್ ತಿರುಗಿಸಿದೆ. ಎಡಗಾಲು ಅದರ ಮನೆಯಲ್ಲೇ ಇತ್ತು.

ಅರ್ಧ ಗದ್ದೆಗೆ ಎಂಜಿನ್ ಗರ್ಜಿಸಿತು, ಗಾಲಿ ಅಲುಗಲಿಲ್ಲ. ಗೇರ್ ಬದಲಿಸಿದೆ. ಅಲುಗಲಿಲ್ಲ. ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆ. ಹೊಗೆ ಮಾತ್ರ ಮುಂದೆ ಹೋಯಿತು. ಅಷ್ಟರಲ್ಲಿ ಸಸಿ ಕಟ್ಟು ಹೊತ್ತ ಹನ್ನೆರಡು ಹೆಣ್ಣುಮಕ್ಕಳು ಬಂದು ಬದುವಿನ ಮೇಲೆ ಸಾಲಾಗಿ ಕುಳಿತರು. ಕುಂಟುತ್ತ ಬಂದ ವಿರುಪಣ್ಣ ವಾಸನೆಯಿಂದಲೇ ಎಲ್ಲ ತಿಳಿದುಕೊಂಡ.

"ಮಾವ, ಕ್ಲಚ್ ಪ್ಲೇಟ್ ಹೋಗೇತಿ. ನನ್ನ ಎಡಗಾಲು ಮುರದದ್ದರ ಬದ್ಲಿ ನಿಮ್ಮದು ಮುರದಿದ್ರ ಗದ್ದಿ ಉಳೀತಿತ್ತು."

ಬದುವಿನ ಮೇಲೆ ಸಸಿಯ ತುದಿ ಆಗಲೇ ಬಾಗುತ್ತಿತ್ತು. ಇಳಿದೆ. ಮೊಣಕಾಲುದ್ದದ ಕೆಸರಿನಲ್ಲೇ ನಡೆದು ಪಕ್ಕದ ಗದ್ದೆಯ ಬಸಮ್ಮನ ಮನೆಗೆ ಹೋದೆ. ಬಸಮ್ಮನ ಟ್ರ್ಯಾಕ್ಟರ್ ಅಂಗಳದಲ್ಲಿತ್ತು. ಡ್ರೈವರ್ ಮದುವೆಗೆಂದು ಹೋಗಿದ್ದ.

"ಟ್ರ್ಯಾಕ್ಟರ್ ಕೊಡ್ತೀನಪ," ಎಂದಳು ಬಸಮ್ಮ. ಸುದ್ದಿ ನನಗಿಂತ ಮೊದಲೇ ಬಂದಿತ್ತು. "ಆ ಎಡಗಾಲು ಮಾತ್ರ ಇಲ್ಲೇ ಬಿಟ್ಟು ಹೋಗು."

"ಅವ್ವ, ಇವತ್ತು ಗದ್ದಿ ಮುಗಿಸಲಿಲ್ಲಂದ್ರ ನಾ ಈ ಊರಿಗೆ ಮತ್ತ ಕಾಲಿಡಂಗಿಲ್ಲ."

"ನೀ ಕಾಲಿಟ್ಟದ್ದಕ್ಕ ಅಲ್ಲೇನು ಇಷ್ಟೆಲ್ಲಾ ಆಗಿದ್ದು?"

ಕೊನೆಗೆ ಒಂದು ಷರತ್ತಿನ ಮೇಲೆ ಬೀಗದ ಕೈ ಸಿಕ್ಕಿತು. ನಾನು ಲುಂಗಿಯನ್ನು ಮೇಲೆ ಕಟ್ಟಬೇಕು, ಎಡಗಾಲು ಬದುವಿನಿಂದ ಎಲ್ಲರಿಗೂ ಕಾಣಬೇಕು. ಕಾವಲಿಗೆ ಆ ಹನ್ನೆರಡು ಮಂದಿ, ಮುಂದಾಳು ನನ್ನ ಹೆಂಡತಿ.

ಹೊರಟೆ. ನಿಂತು ಗೇರ್ ಹಾಕಿದೆ, ನಿಧಾನವಾಗಿ ಕ್ಲಚ್ ಬಿಟ್ಟೆ, ಕಾಲು ಕೆಳಗಿಟ್ಟೆ. ಹತ್ತು ಮಾರು ಹೋಗುವಷ್ಟರಲ್ಲಿ ಅದು ನನಗೆ ತಿಳಿಯದಂತೆ ಎದ್ದು ತವರಿಗೆ ಹೊರಟಿತು.

"ಕಾಲು!"

ಎಂಜಿನ್ ಸದ್ದನ್ನೂ ಮೀರಿ ಹನ್ನೆರಡು ಗಂಟಲು ಒಟ್ಟಿಗೆ ಕೂಗಿದವು. ಬೆಚ್ಚಿ ಇಳಿಸಿದೆ. ಮುಂದಿನ ಸುತ್ತಿಗೆ ಮತ್ತೆ ಕೂಗು. ಪಕ್ಕದ ಬಾಳೆ ತೋಟದವರೂ ಕೆಲಸ ಬಿಟ್ಟು ಬಂದು ಸೇರಿಕೊಂಡರು. ಹಂಪಿಗೆ ಹೋಗುತ್ತಿದ್ದ ಆಟೋದವನು ನಿಲ್ಲಿಸಿ, ಏನು ಎತ್ತ ಕೇಳದೆ, ತಾನೂ ಎರಡು ಸಲ ಕೂಗಿ ಹೋದ. ಹಲ್ಲು ಕಚ್ಚಿ ಓಡಿಸಿದೆ. ಹಿಂದೆ ಕೆಸರಾದಷ್ಟಕ್ಕೂ ಹೆಣ್ಣುಮಕ್ಕಳು ಇಳಿದು, ಒಂದು ಕಣ್ಣು ಸಸಿಯ ಮೇಲೆ, ಒಂದು ಕಣ್ಣು ನನ್ನ ಕಾಲಿನ ಮೇಲೆ ಇಟ್ಟು ನಾಟಿ ಹಚ್ಚುತ್ತ ಬಂದರು. ಹೊತ್ತು ಮುಳುಗುವ ಮುನ್ನ ಕೊನೆಯ ಕಟ್ಟು ಮುಗಿಯಿತು. ಕೊನೆಯ ನಾಲ್ಕು ಸುತ್ತಿಗೆ ಯಾರೂ ಕೂಗಲಿಲ್ಲ. ಯಾವ ಶಾಲೆಯೂ ನನಗೆ ಅಂಥ ಮಾರ್ಕ್ಸ್ ಕೊಟ್ಟಿರಲಿಲ್ಲ.

ಎರಡು ವಾರ ಕಳೆದು ಹುಲಿಗೆಮ್ಮನ ಜೊತೆ ಹೊಸಪೇಟೆಯ ಬಸ್ಸು ಹತ್ತಿದೆ. ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ಎದೆ ಸೆಟೆಸಿ ಕುಳಿತೆ. ಏರು ಬಂತು, ಬಸ್ಸು ತಿಣುಕಿತು. ಹಿಂದಿನಿಂದ, ಅಂದು ನಾಟಿ ಹಚ್ಚಿದ ಹೆಣ್ಣುಮಕ್ಕಳಲ್ಲಿ ಒಬ್ಬಳ ದನಿ ಕೇಳಿತು:

"ಅಣ್ಣಾರ, ಕಾಲು!"

ನೋಡಿದರೆ ನನ್ನ ಎಡಗಾಲು ಮುಂದಿನ ತಗಡನ್ನೇ ಕ್ಲಚ್ ಎಂಬಂತೆ ಅರ್ಧ ಒತ್ತಿಕೊಂಡಿತ್ತು. ತೆಗೆದೆ.

ಬಸ್ಸು ಸಲೀಸಾಗಿ ಏರು ಹತ್ತಿತು.