ನನ್ನ ಭಾವಮೈದುನನ ವಾರ್ನಿಂಗ್ ವ್ಯಸನ

ನೀವು ಇದನ್ನು ನಂಬುವುದಿಲ್ಲ. ಎಲ್ಲಿ, ನಂಬಿ ನೋಡೋಣ! ವಿಜಯನಗರದಲ್ಲಿ ನನ್ನಷ್ಟು ಜನರನ್ನು ಏಮಾರಿಸಿದ ಮುದುಕ ಇನ್ನೊಬ್ಬನಿಲ್ಲ, ಆದ್ದರಿಂದ ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೂ ಹೇಳುತ್ತೇನೆ: ಕಂಪ್ಯೂಟರು ಮೆಲ್ಲಗೆ ಗೊಣಗಿದ್ದಕ್ಕೆ ಟೆಂಪೊ ತಡೆದ ಗಂಡಸೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಹೆಂಡತಿಯ ತಮ್ಮ.

ಅವನು ಬರೆಯುವುದು ಡ್ರೈವರ್. ಗಾಡಿ ಓಡಿಸುವವನಲ್ಲ ಸ್ವಾಮಿ, ಯಂತ್ರದ ಬಿಡಿಭಾಗಗಳನ್ನು ಮಾತಾಡಿಸುವ ಪ್ರೋಗ್ರಾಮು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಕಂಪೈಲರ್ ಅಂತೆ. ಅದೊಂದು ಅನುಮಾನದ ಮುದುಕಿ. ‘ಆ ಸಾಮಾನನ್ನ ಈ ಡಬ್ಬಿಗೆ ಹಾಕ್ತಿದೀಯಲ್ಲ, ಸರೀನಾಪ್ಪಾ?’ ಎಂದು ಗೊಣಗುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ. ಅದಕ್ಕೇ ವಾರ್ನಿಂಗ್ ಎಂದು ಹೆಸರು. ಬುದ್ಧಿವಂತರು ಒಂದು ಪದ ಸೇರಿಸಿ ಮುದುಕಿಯ ಬಾಯಿ ಮುಚ್ಚಿಸಿ ಮನೆಗೆ ಹೋಗುತ್ತಾರೆ. ನಮ್ಮವನು ಸಾಮಾನು ಎಲ್ಲಿಂದ ಬಂತು, ಡಬ್ಬಿ ಯಾರು ತಂದರು ಎಂದು ಬುಡದವರೆಗೆ ಹುಡುಕಿಕೊಂಡು ಹೋಗುತ್ತಾನೆ.

“ಈ ಚಟ ನಿನ್ನ ಕೆಲಸ ತಿಂದು ಹಾಕುತ್ತೆ ಕಣೋ,” ಎನ್ನುತ್ತಿದ್ದಳು ಅವನ ಅಕ್ಕ. “ಐವತ್ತು ದಾಟ್ತು. ಇದು ಹೋದ್ರೆ ಇನ್ಯಾರೋ ಕೊಡ್ತಾರೆ?”

ಒಮ್ಮೆ ಹೋಟೆಲಿನಲ್ಲಿ ನಮ್ಮ ಟೇಬಲ್ ಅಲುಗಾಡುತ್ತಿತ್ತು. ನೀವಾದರೆ ಏನು ಮಾಡುತ್ತಿದ್ದಿರಿ? ಪೇಪರ್ ಮಡಚಿ ಕಾಲಿನ ಕೆಳಗೆ ಇಡುತ್ತಿದ್ದಿರಿ. ಇವನು ಟೇಬಲಿನ ಕೆಳಗೆ ಅಂಗಾತ ಮಲಗಿ ಸ್ಕ್ರೂ ತಿರುಗಿಸಿದ. ಟೇಬಲ್ ಬಂಡೆಯಂತಾಯಿತು. ಅವನ ದೋಸೆ ನಾನು ತಿಂದೆ.

ಇನ್ನೊಂದು ಸಲ ಅವನ ಸ್ಕೂಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ನಾನು ಸುಮ್ಮನಿರುವ ಪ್ರಾಣಿಯೇ? ಹೆಂಡತಿಯ ಸ್ಟಿಕ್ಕರ್ ಬೊಟ್ಟೊಂದನ್ನು ಅದರ ಮೇಲೆ ಅಂಟಿಸಿದೆ.

“ಹೋಯ್ತು ನೋಡೋ ನಿನ್ನ ವಾರ್ನಿಂಗು!”

“ಭಾವ, ನಿಮಗೆ ಜ್ವರ ಬಂದ್ರೆ ಥರ್ಮಾಮೀಟರ್ ಒಡೆದು ಹಾಕ್ತೀರಾ?” ಎಂದವನೇ ಗೋವಿಂದರಾಜನಗರದಿಂದ ಅನ್ನಪೂರ್ಣೇಶ್ವರಿ ನಗರದ ಮೆಕ್ಯಾನಿಕ್ ಅಂಗಡಿವರೆಗೆ ಗಾಡಿ ತಳ್ಳಿದ. ಮೆಕ್ಯಾನಿಕ್ ನೋಡಿ, “ಗಾಡಿ ಸರಿಯಾಗೇ ಇದೆ ಸಾರ್, ದೀಪ ಕೆಟ್ಟಿರೋದು,” ಎಂದ. ನಾನು ಚಪ್ಪಾಳೆ ತಟ್ಟಿದೆ! ಇವನು ಇನ್ನಷ್ಟು ಗಾಬರಿಯಾದ. “ಸುಳ್ಳು ಹೇಳೋ ದೀಪಾನಾ? ಮೊದಲು ಅದನ್ನ ಬದಲಾಯಿಸಿ!”

ಕೊನೆಗೆ ಅಕ್ಕನ ಮಾತೇ ನಿಜವಾಯಿತು. ಅವನ ಕಂಪನಿ ರಾಜಾಜಿನಗರದ್ದು, ಸಣ್ಣದು. ತೂಕ ಸಾಲದ ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಮಾಡುತ್ತಾರೆ. ಒಳಗೆ ಶಾಖ ಅಳೆಯುವ ಒಂದು ತಂತಿ. ಅದು ಸಡಿಲವಾದರೆ ‘ಅಳೆಯಲಾಗಲಿಲ್ಲ’ ಎಂದು ತಿಳಿಸಲು ಡ್ರೈವರು ಒಂದು ಮೈನಸ್ ಸಂಖ್ಯೆ ಕಳಿಸುತ್ತದೆ. ಅದನ್ನು ಹಾಕಿಡುವ ಡಬ್ಬಿಗೋ ಮೈನಸ್ ಎಂಬುದೇ ಗೊತ್ತಿಲ್ಲ. ಅದರೊಳಗೆ ಬಿದ್ದ ಕೂಡಲೇ ಅದು ಬೆಟ್ಟದಂಥ ಸಂಖ್ಯೆಯಾಗುತ್ತದೆ. ಪೆಟ್ಟಿಗೆ ಏನೆಂದುಕೊಳ್ಳಬೇಕು ಹೇಳಿ? ‘ಅಯ್ಯೋ, ವಿಪರೀತ ಶಾಖ!’ ಎಂದು ಹೀಟರ್ ಆರಿಸುತ್ತದೆ. ಒಳಗಿನ ಕೂಸು ತಣ್ಣಗಾಗುತ್ತದೆ.

ಮುದುಕಿ ಗೊಣಗಿದ್ದು ಇದನ್ನೇ. ಅಂದೇ ಮೊದಲ ಲೋಡು ಹೊರಡಬೇಕಿತ್ತು.

“ಬಾಯಿ ಮುಚ್ಚಿಸಿ ಕಳಿಸ್ರೀ,” ಎಂದರು ಮಾಲೀಕರು. “ತಂತಿ ಯಾಕ್ರೀ ಸಡಿಲ ಆಗುತ್ತೆ?”

“ಆದ್ರೆ ಸಾರ್? ಸಂಜೆವರೆಗೂ ಟೈಮ್ ಕೊಡಿ, ಡಬ್ಬೀನೇ ಬದಲಾಯಿಸ್ತೀನಿ.”

“ಲೋಡ್ ಇವತ್ತು ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನಿಮಗೆ ಟೈಮೇ ಟೈಮು!”

ಕೆಳಗೆ ಟೆಂಪೊಗೆ ಪೂಜೆಯಾಗಿತ್ತು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಿದ್ದರು. ನಮ್ಮವನು ಇಳಿದು ಹೋಗಿ ಅಷ್ಟನ್ನೂ ಆರಿಸಿ ಪ್ಯಾಂಟಿನ ಜೇಬಿಗೆ ತುಂಬಿಕೊಂಡು ಬಂದು ಕೂತು ಟೈಪ್ ಮಾಡತೊಡಗಿದ! ಇಷ್ಟು ವರ್ಷದ ನನ್ನ ಕೀಟಲೆಯ ಕಸುಬಿನಲ್ಲಿ ನನಗೇ ಹೊಳೆಯದ ಉಪಾಯ! “ಇಟ್ಟ ನಿಂಬೆಹಣ್ಣು ಮಾಯ ಆಯ್ತು ಅಂದ್ರೆ ಅಪಶಕುನ ಸಾರ್, ಇವತ್ತು ಗಾಡಿ ತೆಗಿಯಲ್ಲ,” ಎಂದು ಟೆಂಪೊದವನು ಹೊರಟೇಹೋದ.

ಸಂಜೆ ಮಾಲೀಕರ ಕಣ್ಣು ಆ ಜೇಬಿನ ಮೇಲೆ ಬಿತ್ತು.

“ಜೇಬಲ್ಲೇನ್ರೀ?”

“ನಿಂಬೆಹಣ್ಣು ಸಾರ್.”

“ಯಾಕ್ರೀ?!”

“ವಾರ್ನಿಂಗ್ ಇತ್ತು ಸಾರ್.”

ಒಂದು ಸುಳ್ಳು ಹೇಳಲು ಬರಬಾರದೇ ಇವನಿಗೆ? ನನ್ನಂಥ ಗುರು ಮನೆಯಲ್ಲೇ ಇದ್ದೂ! “ಸರಿ ಮಾಡಿದ್ದು ಅಲ್ಲೇ ಇದೆ ಸಾರ್, ದಯವಿಟ್ಟು ಅದನ್ನೇ ಹಾಕಿ,” ಎಂದು ಹೇಳಿ, ಹಣ್ಣುಗಳನ್ನು ಮೇಜಿನ ಮೇಲಿಟ್ಟು, ಕೆಲಸ ಕಳೆದುಕೊಂಡು ಬಂದ.

ಆಮೇಲೆ ನಮ್ಮ ಮನೆಯಲ್ಲೇ ಉಳಿದ. ವರಾಂಡದಲ್ಲಿ ಗೋಡೆ ನೋಡುತ್ತಾ ಕೂರುವುದು. ನಾನು ಮಂಗನಂತೆ ಕುಣಿದರೂ ನಗು ಇಲ್ಲ. ಒಂದು ಮಧ್ಯಾಹ್ನ ಮಾತ್ರ, “ಭಾವ, ಯಾವುದನ್ನ ಹಾಕಿ ಕಳಿಸಿರಬಹುದು?” ಎಂದು ಕೇಳಿದ. ನಾನು ಅವನ ತುಂಬಿದ ಲೋಟಕ್ಕೇ ಇನ್ನಷ್ಟು ಕಾಫಿ ಸುರಿದೆ.

ಅಷ್ಟರಲ್ಲಿ ಕಂಪನಿಯಿಂದ ಫೋನು. “ಸಾರ್, ನೀವು ಸರಿ ಮಾಡಿದ್ದನ್ನೇ ಎಲ್ಲಾ ಪೆಟ್ಟಿಗೆಗೂ ಹಾಕಿ ಕಳಿಸಿದ್ವಿ.” ಇವನು ಹ್ಞೂಂ ಎಂದ. ಗೋಡೆಗೊರಗಿ ಕೂತಲ್ಲೇ ನಿದ್ದೆಹೋದ. ಅಕ್ಕ ಬಂದು ಸದ್ದಿಲ್ಲದೆ ಹೊದಿಸಿದಳು.

ಹೇಳಿದ್ದರಲ್ಲಿ ಒಂದು ಸುಳ್ಳಿದೆ. ನಿಂಬೆಹಣ್ಣು ಎಂದುಕೊಂಡಿರಾ? ಅಲ್ಲ, ಅದು ಅಪ್ಪಟ ನಿಜ. ಸುಳ್ಳು ಆ ಫೋನು; ಅದು ಬರಲೇ ಇಲ್ಲ. ಪಕ್ಕದ ಮನೆಯ ಕೂಸು ಅತ್ತಾಗಲೆಲ್ಲ ಅವನು ಈಗಲೂ ಮೊಬೈಲು ತೆಗೆದು ನೋಡುತ್ತಾನೆ.