ಕೆಂಪು ಜಾಕೆಟ್ಟಿನ ಮಗಳು

‘ಮಗಳು ಏನು ಮಾಡ್ತಿದಾಳೆ?’ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುವ ತಾಯಂದಿರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ‘ಟೆಂತು’ ಅನ್ನುತ್ತಾರೆ, ‘ಭರತನಾಟ್ಯ’ ಅನ್ನುತ್ತಾರೆ. ಕೇಳಿದವರು ‘ಓ, ಹೌದಾ’ ಅನ್ನುವಷ್ಟರಲ್ಲಿ ಲೋಕಲ್ ಟ್ರೇನ್ ಬರುತ್ತದೆ, ಇಬ್ಬರೂ ನುಗ್ಗಿ ಹತ್ತುತ್ತಾರೆ. ನಾನು ಉತ್ತರ ಕೊಡಲು ಹೊರಟರೆ ಬಂದ ಲೋಕಲ್ ಹೋಗಿ ಇನ್ನೊಂದು ಬಂದರೂ ಮಾತು ಮುಗಿಯುವುದಿಲ್ಲ. ನನ್ನ ಮಗಳು ಹಿಮದ ಮೇಲೆ ಸ್ಕೀ ರೇಸ್ ಮಾಡುತ್ತಾಳೆ. ಹೀಗೆಂದ ಕೂಡಲೇ ಎದುರಿಗಿದ್ದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಬೆವರಿನಿಂದ ಬೆನ್ನಿಗಂಟಿದ ನನ್ನ ಕಾಟನ್ ಕುರ್ತಾ ನೋಡುತ್ತಾರೆ, ಕೊನೆಗೆ ‘ಅಂದರೆ?’ ಅನ್ನುತ್ತಾರೆ. ‘ಅಂದರೆ’ ಏನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹಿಮ ಎಂಬುದನ್ನು ನಾನು ಅಲ್ಲಿಯವರೆಗೆ ಕಂಡದ್ದು ನಮ್ಮ ಹಳೆಯ ಫ್ರಿಜ್ಜಿನ ಫ್ರೀಜರಿನಲ್ಲಿ. ಆಗಾಗ ಅದನ್ನು ಸೌಟಿನ ಹಿಡಿಯಿಂದ ಕೆರೆದು ಸಿಂಕಿಗೆ ಹಾಕುವುದಷ್ಟೇ ನನಗೂ ಹಿಮಕ್ಕೂ ಇದ್ದ ಸಂಬಂಧ.

ನಾವಿರುವುದು ಮುಂಬೈಯ ಆಂಟಾಪ್ ಹಿಲ್‌ನಲ್ಲಿ. ಹೆಸರಿನಲ್ಲೊಂದು ಬೆಟ್ಟ ಇದೆ, ನಿಜ. ಆದರೆ ಅದರ ಮೇಲೆ ಬಿಲ್ಡಿಂಗುಗಳು ಎಷ್ಟು ಒತ್ತಾಗಿ ಕೂತಿವೆಯೆಂದರೆ ಜಾರಬೇಕೆಂದರೂ ಜಾರುವುದಕ್ಕೆ ಜಾಗ ಸಿಗುವುದಿಲ್ಲ. ನನ್ನ ಮಗಳು ಧೃತಿ ಚಿಕ್ಕಂದಿನಲ್ಲೇ ಚಕ್ರದ ಬೂಟು ಕಟ್ಟಿಕೊಂಡು ಕಾಂಪೌಂಡಿನಲ್ಲಿ ನಿಲ್ಲಿಸಿದ್ದ ಸ್ಕೂಟರುಗಳ ನಡುವೆ ಸುಳಿದಾಡಿ ವಾಚ್‌ಮನ್ನನ ಬಿ.ಪಿ. ಏರಿಸಿದವಳು. ಅವನ ಆರೋಗ್ಯಕ್ಕಾದರೂ ಒಳ್ಳೆಯದಾಗಲಿ ಎಂದು ಅವಳನ್ನು ಭಾನುವಾರದ ಸ್ಕೇಟಿಂಗ್ ಕ್ಲಾಸಿಗೆ ಪವಾಯಿಗೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿ ಕಟ್ಟೆಯ ಮೇಲೆ ಕೂತು ಡಬ್ಬಿಯ ಇಡ್ಲಿ ತಿನ್ನುತ್ತಾ ಅವಳು ಗಿರಕಿ ಹೊಡೆಯುವುದನ್ನು ನೋಡುವುದು ನನ್ನ ವಾರದ ಸುಖ. ಒಂದು ದಿನ ಅವಳ ಕೋಚ್ ಸಾವಂತ್ ಸರ್ ಹತ್ತಿರ ಬಂದು, ‘ಮ್ಯಾಡಮ್, ಇಸ್ಕೋ ಡರ್ ಹೀ ನಹೀಂ ಲಗ್ತಾ’ ಅಂದರು. ಇವಳಿಗೆ ಹೆದರಿಕೆಯೇ ಇಲ್ಲವೆಂಬುದನ್ನು ನಾನು ಹೊಗಳಿಕೆಯೆಂದು ಹಿಗ್ಗಿ ಅವರಿಗೂ ಎರಡು ಇಡ್ಲಿ ಕೊಟ್ಟೆ. ಅದು ಮುನ್ನೆಚ್ಚರಿಕೆಯಾಗಿತ್ತು.

ಹಿಮಾಚಲದ ಬೆಟ್ಟದ ಮೇಲಿನ ಒಂದು ರೆಸಾರ್ಟಿನವರು ಹಿಮವಿಲ್ಲದ ಊರುಗಳಿಂದ ಇಂಥ ಚಕ್ರದ ಮಕ್ಕಳನ್ನು ಆರಿಸಿ, ಚಳಿಗಾಲವಿಡೀ ಇರಿಸಿಕೊಂಡು, ಸ್ಕೀ ರೇಸಿಗೆ ತಯಾರು ಮಾಡುತ್ತಾರಂತೆ. ಊಟ, ವಸತಿ, ಬೆಳಿಗ್ಗೆ ಹಿಮದ ಮೇಲೆ ತಾಲೀಮು, ಮಧ್ಯಾಹ್ನ ಆನ್‌ಲೈನಿನಲ್ಲಿ ಒಂಬತ್ತನೇ ಕ್ಲಾಸಿನ ಪಾಠ. ಸಾವಂತ್ ಸರ್ ಹೆಸರು ಕಳಿಸಿದರು, ರೆಸಾರ್ಟಿನವರು ಕರೆದು ಪರೀಕ್ಷಿಸಿದರು, ಧೃತಿ ಆಯ್ಕೆಯಾದಳು. ಬೇಡವೆನ್ನುವ ಕೆಲಸವನ್ನು ನಾನು ಗಂಡನಿಗೆ ಬಿಟ್ಟೆ. ಅವರು ಸರಕಿನ ಹಡಗಿನಲ್ಲಿ ಅಡುಗೆಯವರು. ವರ್ಷದಲ್ಲಿ ಹೆಚ್ಚಿನ ಕಾಲ ಯಾವುದೋ ಸಮುದ್ರದ ನಡುವೆ ಸಾಂಬಾರು ಕುದಿಸುತ್ತಿರುತ್ತಾರೆ. ವಿಡಿಯೋ ಕಾಲಿನಲ್ಲಿ ವಿಷಯ ಹೇಳಿದರೆ ಅವರು ಕೈಯಲ್ಲಿ ಸೌಟು ಹಿಡಿದುಕೊಂಡೇ, ‘ಹೋಗ್ಲಿ ಬಿಡು ಮಾರಾಯ್ತಿ. ನಾನು ಉಡುಪಿಯಿಂದ ಹೊರಟು ಹಡಗು ಹತ್ತುವಾಗ ನನ್ನ ಅಮ್ಮ ಬೇಡ ಹೇಳಿದ್ದಿದ್ರೆ ಎಂತ ಆಗ್ತಿತ್ತು?’ ಅಂದರು. ‘ಮನೆಯಲ್ಲಿ ಇರ್ತಿದ್ರಿ’ ಅಂದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನನ್ನ ಗಂಡನ ನೆಟ್‌ವರ್ಕಿಗೆ ಯಾವಾಗ ಹೋಗಬೇಕೆಂಬುದು ಚೆನ್ನಾಗಿ ಗೊತ್ತು.

ಅಂತೂ ಒಬ್ಬರು ನೀರಿನ ಮೇಲೆ, ಇನ್ನೊಬ್ಬಳು ಗಟ್ಟಿಯಾದ ನೀರಿನ ಮೇಲೆ. ನೆಲದ ಮೇಲೆ ಉಳಿದವಳು ನಾನೊಬ್ಬಳೇ. ಪರೇಲಿನ ಒಂದು ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲಿ ಕೂರುವುದು ನನ್ನ ಕೆಲಸ. ಎಕ್ಸ್‌ರೇ ಎಲ್ಲಿ, ಲಿಫ್ಟ್ ಎಲ್ಲಿ, ಡಾಕ್ಟರ್ ಎಲ್ಲಿ ಎಂದು ಇಡೀ ಮುಂಬೈ ನನ್ನನ್ನು ಕೇಳುತ್ತದೆ. ಸಂಜೆ ಮನೆಗೆ ಬಂದರೆ ಕೇಳುವವರೇ ಇಲ್ಲ. ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ ಎಂದು ಕಿರುಚುತ್ತಿದ್ದ ಒಂದು ಗಂಟಲಿಲ್ಲದೆ ಎರಡು ಕೋಣೆಯ ಮನೆ ಇಷ್ಟು ದೊಡ್ಡದಾಗಬಹುದು ಎಂದು ನಾನು ಎಣಿಸಿರಲಿಲ್ಲ. ಒಬ್ಬಳಿಗಾಗುವಷ್ಟು ಅಡುಗೆ ಮಾಡುವುದು ಕೂಡ ಒಂದು ವಿದ್ಯೆ, ಅದು ನನಗೆ ಬರುವುದಿಲ್ಲ. ಸಾರು ಮಾಡಿದರೆ ಮೂರು ಹೊತ್ತಿಗೆ ಅದೇ ಸಾರು. ಮೂರನೆಯ ಹೊತ್ತಿಗೆ ಅದಕ್ಕೂ ನನ್ನನ್ನು ನೋಡಿ ಬೇಜಾರು ಬಂದಿರುತ್ತದೆ. ಒಂದು ಸಂಜೆ ಕುಕ್ಕರ್ ಸೀಟಿ ಹೊಡೆದಾಗ ‘ಬಂದೆ, ಬಂದೆ’ ಎಂದು ಉತ್ತರ ಕೊಟ್ಟೆ. ಆ ಸಂಜೆ ನಾನು ಬಾಯಿಬಿಟ್ಟಿದ್ದು ಅದೇ ಮೊದಲು ಎಂದು ಆಮೇಲೆ ಹೊಳೆಯಿತು.

ಎದುರುಮನೆಯ ಶಾಂತವ್ವ ಬಿಜಾಪುರದ ಕಡೆಯವರು, ಅವರ ಯಜಮಾನರು ಕಟ್ಟಡದ ಕೆಲಸದಲ್ಲಿ ಆಳುಗಳ ಮೇಲಿನ ಮುಕಾದಮ. ಶಾಂತವ್ವನಿಗೆ ನನ್ನ ಮೇಲೆ ಕನಿಕರ, ಧೃತಿಯ ಕಲಿಕೆಯ ಮೇಲೆ ಮಾತ್ರ ಸ್ವಲ್ಪ ಅನುಮಾನ. ಒಂದು ದಿನ ರೊಟ್ಟಿ ತಂದುಕೊಟ್ಟವರು ಹೊಸ್ತಿಲಲ್ಲೇ ನಿಂತು ಕೇಳಿದರು: ‘ಅಲ್ರೀ ಅಕ್ಕಾರ, ಜಾರೂದು ಕಲಿಸಾಕ ಅಷ್ಟ್ ದೂರ ಯಾಕ ಕಳಿಸೀರಿ? ನಮ್ಮ ಮನಿ ಬಚ್ಚಲದಾಗ ನಾ ದಿನಾ ಜಾರತೀನಿ, ಯಾರೂ ಕಲಿಸಿಲ್ಲ.’

‘ಅದು ಹಾಗಲ್ಲ ಶಾಂತವ್ವ. ಇಳಿಜಾರಲ್ಲಿ ಕೋಲು ನೆಟ್ಟಿರ್ತಾರೆ. ಒಂದನ್ನೂ ಬಿಡದ ಹಾಗೆ ಸುತ್ತಿಕೊಂಡು ಇಳೀಬೇಕು. ಯಾರು ಬೇಗ ಇಳೀತಾರೋ ಅವರು ಗೆದ್ದ ಹಾಗೆ.’

‘ಇಳದ ಮ್ಯಾಲೆ?’

‘ತಿರುಗಿ ಮೇಲೆ ಹೋಗೋದು.’

‘ಅಯ್ಯ ಶಿವನ!’ ಅಂದು ಶಾಂತವ್ವ ಇನ್ನೆರಡು ರೊಟ್ಟಿ ಹೆಚ್ಚಿಗೆ ಇಟ್ಟು ಹೋದರು.

ಆ ಶಿಬಿರದಲ್ಲಿ ಮಕ್ಕಳ ಕೈಗೆ ಫೋನ್ ಕೊಡುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತಿನಲ್ಲಿ ಧೃತಿ ಹೇಳುತ್ತಿದ್ದದ್ದು, ‘ಅಮ್ಮಾ, ಮಸ್ತ್ ಇದೆ. ಚಳಿ ಇದೆ. ಊಟ ಆಯ್ತು. ಫೋನ್ ಇಡ್ತೀನಿ.’ ವಾರವಿಡೀ ಕಾದದ್ದಕ್ಕೆ ಇಷ್ಟು ಫಲ. ಹೀಗಿರುವಾಗ ನನಗೆ ಆ ರೆಸಾರ್ಟಿನ ವೆಬ್‌ಸೈಟಿನಲ್ಲಿ ಒಂದು ಕಿಟಕಿ ಸಿಕ್ಕಿತು. ಇಳಿಜಾರಿನ ಬುಡದಲ್ಲಿ ಕ್ಯಾಮೆರಾ ಕಟ್ಟಿದ್ದಾರೆ. ಪ್ರವಾಸಿಗಳು ಇವತ್ತು ಹಿಮ ಎಷ್ಟಿದೆ ಎಂದು ನೋಡಿಕೊಳ್ಳಲಿ ಅಂತ. ಫೋನಿನಲ್ಲಿ ತೆರೆದರೆ ಬೆಳ್ಳಗಿನ ಗೋಡೆಯಂಥ ಬೆಟ್ಟ, ಅದರ ಮೇಲೆ ಸಾಸಿವೆ ಕಾಳಿನಷ್ಟು ಮನುಷ್ಯರು. ಕ್ಯಾಮೆರಾದ ಹತ್ತಿರಕ್ಕೆ ಇಳಿದಾಗ ಆ ಕಾಳುಗಳಿಗೆ ಕೈಕಾಲು ಮೂಡುತ್ತಿದ್ದವು, ಬಣ್ಣ ತಿಳಿಯುತ್ತಿತ್ತು, ಆದರೆ ಹೆಲ್ಮೆಟ್ಟು, ಕನ್ನಡಕಗಳ ಹಿಂದೆ ಮುಖ ಮಾತ್ರ ಯಾರದೂ ಇಲ್ಲ. ಅವರ ನಡುವೆ ಒಂದು ಕೆಂಪು ಜಾಕೆಟ್. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಹಗುರಾಗಿ, ಕೋಲುಗಳ ನಡುವೆ ತೇಲಿಕೊಂಡು ಇಳಿಯುತ್ತಿತ್ತು. ಹೆತ್ತ ಕರುಳಿಗೆ ಗುರುತು ಹಿಡಿಯುವುದನ್ನು ಯಾರಾದರೂ ಹೇಳಿಕೊಡಬೇಕೇ? ಧೃತಿಯೇ!

ಅಲ್ಲಿಂದ ನನ್ನ ದಿನಗಳು ಬದಲಾದವು. ಬೆಳಿಗ್ಗೆ ಚಹಾದ ಜೊತೆ ಕೆಂಪು ಜಾಕೆಟ್, ಲೋಕಲಿನಲ್ಲಿ ಯಾರದೋ ಮೊಣಕೈಯ ಕೆಳಗೆ ಫೋನ್ ಹಿಡಿದು ಕೆಂಪು ಜಾಕೆಟ್, ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಗಳಿಗೆಲ್ಲ ಕೆಂಪು ಜಾಕೆಟ್. ‘ನೋಡಿ, ಈಗ ತಿರುಗ್ತಾಳೆ’ ಎಂದು ನಾನು ಹೇಳುವುದಕ್ಕೂ ಅದು ತಿರುಗುವುದಕ್ಕೂ ಸರಿಹೋಗುತ್ತಿತ್ತು. ಎಲ್ಲರೂ ‘ವಾಹ್’ ಅನ್ನುತ್ತಿದ್ದರು. ಅದು ಬಿದ್ದರೆ ನಾನು ಊಟ ಬಿಡುತ್ತಿದ್ದೆ. ಒಮ್ಮೊಮ್ಮೆ ಬೇರೆಯವರೆಲ್ಲ ಹೋದಮೇಲೂ ಅದೊಂದೇ ಹಿಮದಲ್ಲಿ ಕೋಲು ಕೀಳುತ್ತಾ ನಿಂತಿರುತ್ತಿತ್ತು. ಎಲ್ಲಾ ಕೆಲಸ ನನ್ನ ಮಗಳ ಕೈಲೇ ಮಾಡಿಸುತ್ತಾರಲ್ಲ ಎಂದು ಕಣ್ಣು ತುಂಬಿ ಬರುತ್ತಿತ್ತು. ದಿನ ಕಳೆದ ಹಾಗೆ ಅದು ಬಲಗಾಲನ್ನು ಎಳೆದುಕೊಂಡು ನಡೆಯುವುದು ಕಾಣಿಸಿತು. ಸಂಜೆಯ ಹೊತ್ತು ಬಗ್ಗಿ ಮಂಡಿ ಒತ್ತಿಕೊಳ್ಳುತ್ತಿತ್ತು. ನಾನು ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರನ್ನು ಕಾರಿಡಾರಿನಲ್ಲೇ ತಡೆದು ಫೋನ್ ತೋರಿಸಿದೆ. ಅವರು ಕನ್ನಡಕ ಏರಿಸಿ ಕಾಳಿನಷ್ಟು ಗಾತ್ರದ ರೋಗಿಯನ್ನು ಪರೀಕ್ಷಿಸಿ, ‘ರೆಸ್ಟ್ ಬೇಕು’ ಅಂದರು.

ಭಾನುವಾರ ಫೋನ್ ಬಂದ ಕೂಡಲೇ ನಾನು ಊಟದ ವಿಷಯ ಕೇಳಲೇ ಇಲ್ಲ. ‘ಧೃತಿ, ಮಂಡಿ ನೋವು ಯಾಕೆ ಮುಚ್ಚಿಟ್ಟಿದ್ದಿ? ನಿನ್ನೆ ಅಷ್ಟು ಹೊತ್ತು ಒಬ್ಬಳೇ ಯಾಕೆ ಕೋಲು ಕೀಳ್ತಾ ಇದ್ದಿ? ಬೇರೆ ಮಕ್ಕಳಿಗೆಲ್ಲ ಕೈ ಇಲ್ವಾ?’

‘ಕ್ಯಾ? ಯಾವ ಮಂಡಿ?’

‘ನಾನು ದಿನಾ ಕ್ಯಾಮೆರಾದಲ್ಲಿ ನೋಡ್ತೇನೆ. ಕೆಂಪು ಜಾಕೆಟ್.’

ಆ ಕಡೆಯಿಂದ ನಗು. ನಗುವಿನ ನಡುವೆ ಬೇರೆ ಹುಡುಗಿಯರಿಗೂ ಸುದ್ದಿ ಮುಟ್ಟಿ ಇನ್ನಷ್ಟು ನಗು. ‘ಅಮ್ಮಾ, ನಮ್ದೆಲ್ಲಾ ಬ್ಲೂ ಜಾಕೆಟ್. ರೆಡ್ ಅಂದ್ರೆ ನೇಗಿ ಸರ್! ಕೋಚ್! ಅವ್ರಿಗೆ ದಾಢೀ ಇದೆ ಅಮ್ಮಾ!’

ಫೋನ್ ಇಟ್ಟಮೇಲೆ ನಾನೂ ನಗಬೇಕೆಂದು ಕೂತೆ. ನಗು ಬರಲಿಲ್ಲ. ಅಷ್ಟು ವಾರ ಒಬ್ಬ ಗಡ್ಡದ ಗಂಡಸಿಗೆ ಬೆಳಿಗ್ಗೆ ಸಂಜೆ ಎನ್ನದೆ ವಾತ್ಸಲ್ಯ ಸುರಿದಿದ್ದೆ, ಇರಲಿ. ನನ್ನ ಮಗಳು ಅದೇ ಚಿತ್ರದಲ್ಲಿ, ಅದೇ ಬೆಟ್ಟದ ಮೇಲೆ, ನನ್ನ ಕಣ್ಣೆದುರೇ ನೀಲಿ ಬಣ್ಣದಲ್ಲಿ ಬಿದ್ದು ಎದ್ದು ಮಾಡುತ್ತಿದ್ದಾಗ ನಾನು ಅವಳನ್ನು ಒಮ್ಮೆಯೂ ನೋಡಿರಲಿಲ್ಲ. ಫೋನ್ ತೆರೆದೆ. ನೀಲಿ ಕಾಳುಗಳು ಹತ್ತಾರು ಇದ್ದವು. ಯಾವುದು ನನ್ನದು ಎಂದು ಎಷ್ಟು ನೋಡಿದರೂ ತಿಳಿಯಲಿಲ್ಲ. ಸಹೋದ್ಯೋಗಿಗಳಿಗೆ ಮಾತ್ರ ನಿಜ ಹೇಳಲಿಲ್ಲ. ‘ಬೇಟಿ ಕೈಸೀ ಹೈ?’ ಎಂದು ಕೇಳಿದರೆ ‘ರೆಸ್ಟ್‌ನಲ್ಲಿದ್ದಾಳೆ’ ಅಂದುಬಿಟ್ಟೆ.

ಚಳಿಗಾಲದ ಕೊನೆಯಲ್ಲಿ ಮಕ್ಕಳ ರೇಸ್ ಇಟ್ಟು ತಂದೆತಾಯಂದಿರನ್ನು ಕರೆದರು. ಗಂಡನ ಹಡಗಿನ ದಪ್ಪ ಕೋಟು ಹಾಕಿಕೊಂಡು, ಒಳಗೆ ಮೂರು ಸ್ವೆಟರ್ ಏರಿಸಿಕೊಂಡು, ಆ ಗಾತ್ರದಲ್ಲಿ ಬಸ್ಸಿನ ಸೀಟಿಗೆ ತೂರಿಕೊಳ್ಳಲಾಗದೆ ಹೇಗೋ ಹೋಗಿ ಮುಟ್ಟಿದೆ. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸುತ್ತಿದ್ದೆ. ಸಾಕು ಮಗಾ, ಒಂದು ಚಳಿಗಾಲ ಆಯಿತಲ್ಲ, ಮುಂದಿನ ವರ್ಷ ಟೆಂತು, ಮನೆಗೆ ಬಾ. ಪ್ರತಿ ತಿರುವಿನಲ್ಲೂ ಒಂದೊಂದು ಕಾರಣ ಸೇರಿಕೊಂಡು ಭಾಷಣ ಭರ್ಜರಿಯಾಯಿತು. ಮನೆಯಲ್ಲಿ ನಾನೊಬ್ಬಳೇ ಎಂಬ ಕಾರಣವನ್ನು ಮಾತ್ರ ಅದರೊಳಗೆ ಎಲ್ಲೂ ಸೇರಿಸಲಿಲ್ಲ.

ಧೃತಿಯ ಸರದಿ ಬಂದಾಗ ಮೈಕಿನಲ್ಲಿ ಅವಳ ಹೆಸರು ಕೂಗಿದರು, ಹಾಗಾಗಿ ಈ ಸಲ ತಪ್ಪಲಿಲ್ಲ. ಮೇಲಿನಿಂದ ಒಂದು ನೀಲಿ ಗೆರೆ ಹೊರಟಿತು. ಕೋಲಿನಿಂದ ಕೋಲಿಗೆ ಬಾಗುತ್ತಾ, ನೆಲಕ್ಕೆ ಕೈ ತಾಗುವಷ್ಟು ಓರೆಯಾಗಿ ಬರುತ್ತಿದ್ದ ಆ ಹುಡುಗಿಯನ್ನು ನೋಡುತ್ತಾ ನಾನೂ ನಿಂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದೆ. ಕೊನೆಯ ತಿರುವಿಗೆ ಹತ್ತಿರವಾಗಿ ಒಂದು ಕೋಲು ತಪ್ಪಿತು. ತಪ್ಪಿದರೆ ಮುಗಿಯಿತು, ಲೆಕ್ಕಕ್ಕಿಲ್ಲ. ನಾನು ಮನೆಯಿಂದ ತಂದಿದ್ದ ಕೋಡುಬಳೆ ಡಬ್ಬಿ ಹಿಡಿದುಕೊಂಡು ಸಮಾಧಾನ ಮಾಡಲು ಓಡಿದೆ. ಹಿಮದಲ್ಲಿ ಓಡುವುದು ಎಂದರೆ ನಿಂತಲ್ಲೇ ಮುಳುಗುವುದು. ನಾನು ತಲುಪುವಷ್ಟರಲ್ಲಿ ಮೂರ್ನಾಲ್ಕು ನೀಲಿ ಹುಡುಗಿಯರು ಅವಳನ್ನು ತಬ್ಬಿಕೊಂಡು ಅಳಿಸಿ, ನಗಿಸಿ, ಎಲ್ಲಾ ಮುಗಿಸಿದ್ದರು. ನನಗೆ ಮಾಡಲು ಏನೂ ಉಳಿಸಿರಲಿಲ್ಲ. ಕೋಡುಬಳೆ ಮಾತ್ರ ಖಾಲಿ ಮಾಡಿದರು.

ಪಕ್ಕದಲ್ಲಿ ಕೆಂಪು ಜಾಕೆಟ್ ನಿಂತಿತ್ತು. ನಿಜಕ್ಕೂ ಗಡ್ಡ ಇತ್ತು, ಅಲ್ಲಲ್ಲಿ ನರೆತಿತ್ತು. ಅಪರಿಚಿತರೆಂದು ನನಗೆ ಅನ್ನಿಸಲೇ ಇಲ್ಲ. ಬಾಯಿತಪ್ಪಿ, ‘ಅಬ್ ಘುಟ್ನಾ ಕೈಸಾ ಹೈ ಆಪ್ ಕಾ?’ ಎಂದು ಕೇಳಿಬಿಟ್ಟೆ. ನೇಗಿ ಸರ್ ಬೆಚ್ಚಿ ತಮ್ಮ ಮಂಡಿ ನೋಡಿಕೊಂಡರು. ನಾನು ಕ್ಯಾಮೆರಾದ ಕಥೆ ಹೇಳಿದೆ, ಮೂಳೆ ಡಾಕ್ಟರು ರೆಸ್ಟ್ ಹೇಳಿದ್ದನ್ನೂ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೈಗವಸು ತೆಗೆದು ನನಗೆ ನಮಸ್ಕಾರ ಮಾಡಿ, ತಮ್ಮ ಮನೆ ಇನ್ನೂ ಮೇಲಿನ ಕಣಿವೆಯಲ್ಲಿದೆ, ಹಿಮ ಕರಗುವವರೆಗೆ ದಾರಿ ತೆರೆಯುವುದಿಲ್ಲ, ಈ ಮಂಡಿಯ ಬಗ್ಗೆ ಇಡೀ ಚಳಿಗಾಲದಲ್ಲಿ ಯಾರೂ ಕೇಳಿರಲಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಇಬ್ಬರೂ ಬೆಟ್ಟ ನೋಡುತ್ತಾ ನಿಂತೆವು.

ಮಧ್ಯಾಹ್ನ ಧೃತಿಗೆ ನನ್ನನ್ನು ಸ್ಕೀ ಮೇಲೆ ನಿಲ್ಲಿಸುವ ಹುಚ್ಚು ಹತ್ತಿತು. ಅಂಗನವಾಡಿ ವಯಸ್ಸಿನ ಮಕ್ಕಳು ಕಲಿಯುವ ಜಾಗಕ್ಕೆ ಕರೆದುಕೊಂಡು ಹೋದಳು. ಇಳಿಜಾರು ಎನ್ನಲು ಸಂಕೋಚವಾಗುವಷ್ಟು ಸಣ್ಣ ಇಳಿಜಾರು. ಕಾಲಿಗೆ ಎರಡು ಹಲಗೆ ಕಟ್ಟಿ ‘ಅಮ್ಮಾ, ಡರೋ ಮತ್’ ಅಂದು ಕೈಬಿಟ್ಟಳು. ನನ್ನ ಎಡಗಾಲು ಮನಾಲಿಯ ಕಡೆ ಹೊರಟಿತು, ಬಲಗಾಲು ಮುಂಬೈಯ ಕಡೆ. ನಾನು ಎರಡರ ನಡುವೆ ಕೂತುಬಿಟ್ಟೆ. ಒಂದು ಪುಟಾಣಿ ನನ್ನ ಪಕ್ಕದಲ್ಲೇ ಸರ್ರನೆ ಇಳಿದು ಹೋಗುತ್ತಾ ‘ಸೈಡ್, ಆಂಟೀ!’ ಅಂದಿತು. ಧೃತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಆ ನಗು ಕೇಳದೆ ಎಷ್ಟು ದಿನವಾಗಿತ್ತು ಎಂದು ನಾನು ಹಿಮದಲ್ಲಿ ಕೂತೇ ಯೋಚಿಸುತ್ತಿದ್ದಾಗ ಅವಳು ಹತ್ತಿರ ಬಂದು ಕೈ ಚಾಚಿದಳು. ನಾನು ಹಿಡಿದೆ. ಅವಳು ಎಳೆಯಲಿಲ್ಲ.

‘ಅಮ್ಮಾ, ಒಂದು ಕೇಳ್ಲಾ? ನೇಗಿ ಸರ್ ಹೇಳ್ತಾರೆ, ಇಲ್ಲೇ ಸ್ಕೂಲ್ ಸೇರಿದ್ರೆ ಪೂರಾ ವರ್ಷ ಟ್ರೇನಿಂಗ್ ಮಾಡ್ಬಹುದು ಅಂತ. ನಾನು ಇಲ್ಲೇ ಇರ್ಲಾ?’

‘ಮೊದಲು ಎಬ್ಬಿಸು. ಆಮೇಲೆ ಮಾತಾಡುವ.’

‘ಮೊದಲು ಹೇಳು.’

ಕೈ ಬಿಸಿಯಾಗಿತ್ತು, ಮುಂಚಿಗಿಂತ ಗಟ್ಟಿಯಾಗಿತ್ತು. ದಾರಿಯುದ್ದಕ್ಕೂ ಕೂಡಿಸಿಟ್ಟ ಭಾಷಣದ ಮೊದಲ ಸಾಲನ್ನು ನೆನಪಿಸಿಕೊಳ್ಳಲು ಪ್ರಯತ್ನಪಟ್ಟೆ. ಕೆಳಗಿನಿಂದ ಹಿಮ ಮೂರು ಸ್ವೆಟರುಗಳನ್ನೂ ದಾಟಿ ಒಳಗೆ ಬರುತ್ತಿತ್ತು. ‘ಹೂಂ’ ಅಂದೆ. ಅವಳು ಒಂದೇ ಎಳೆತಕ್ಕೆ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು.

ಈಗ ಲೋಕಲ್ ಕಾಯುವಾಗ ಯಾರಾದರೂ, ‘ಇಷ್ಟು ಸಣ್ಣ ಹುಡುಗಿಯನ್ನು ಅಷ್ಟು ದೂರ ಬಿಡಲು ಹೇಗೆ ಮನಸ್ಸು ಬಂತು?’ ಎಂದು ಕೇಳುತ್ತಾರೆ. ಮಕ್ಕಳ ಇಷ್ಟಕ್ಕೆ ಅಡ್ಡ ಬರಬಾರದು, ನಾವು ತುಂಬಾ ಯೋಚಿಸಿ ತೆಗೆದುಕೊಂಡ ತೀರ್ಮಾನ ಎಂದು ಗಂಭೀರವಾಗಿ ಹೇಳುತ್ತೇನೆ. ಕೇಳಿದವರು ಮೆಚ್ಚಿ ತಲೆದೂಗುತ್ತಾರೆ. ಆ ತೀರ್ಮಾನ ತೆಗೆದುಕೊಳ್ಳುವಾಗ ನಾನು ಯಾವ ಭಂಗಿಯಲ್ಲಿದ್ದೆ ಎಂದು ಪುಣ್ಯಕ್ಕೆ ಇದುವರೆಗೆ ಯಾರೂ ಕೇಳಿಲ್ಲ.