ಅಪ್ಪನ ಕೋಟು, ಅಮ್ಮನ ಸೀರೆ

ನೀಲಾಂಬಿಕೆಯ ಮನೆ ಮುಂದಿನ ತಂತಿಯ ಮೇಲೆ ಗಂಡಸಿನ ಕೋಟೊಂದು ನೇತಾಡುತ್ತಿರುವುದನ್ನು ಮೊದಲು ಕಂಡವಳು ವಠಾರದ ಒಡತಿ ಪುಟ್ಟಮಲ್ಲಮ್ಮ. ಭಾನುವಾರ ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದ್ದವಳು ಅರ್ಧ ಎಳೆದ ಗೆರೆಯನ್ನು ಅಲ್ಲಿಗೇ ಬಿಟ್ಟು ಎದುರು ಮನೆಯ ಬಾಗಿಲು ಬಡಿದಳು.

"ಏಳೇ ಚೆಲುವಿ. ಟೈಪಿಂಗ್ ಮಿಸ್ಸು ಮನೇಗೆ ಯಾರೋ ಬಂದವ್ರೆ."

"ಯಾರಕ್ಕ?" ಎಂದು ಚೆಲುವಮ್ಮ ಕಣ್ಣುಜ್ಜುತ್ತ ಬಂದಳು.

"ಮಕ ಕಾಣ್ನಿಲ್ಲ. ಕೋಟು ಕಾಣ್ತು."

ಪಿರಿಯಾಪಟ್ಟಣದ ಆ ವಠಾರಕ್ಕೆ ನೀಲಾಂಬಿಕೆ ಬಾಡಿಗೆಗೆ ಬಂದು ಬಹಳ ವರ್ಷಗಳಾಗಿದ್ದವು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ನೋಡಲು ಬರುವ ಗಂಡುಗಳು ಯಾವಾಗ ನಿಂತುಹೋದರು ಎಂಬುದು ಅವಳಿಗೂ ಸರಿಯಾಗಿ ನೆನಪಿಲ್ಲ. ಮಳೆ ನಿಂತದ್ದು ಗೊತ್ತಾಗದೆ ಕೊಡೆ ಹಿಡಿದುಕೊಂಡೇ ನಡೆಯುವವರ ಹಾಗೆ ಅವಳು ಒಂದಷ್ಟು ಕಾಲ ಕಾದಿದ್ದಳು, ಅಷ್ಟೆ. ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎದುರಿನ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು ಎದ್ದ ಮೇಲೆ ಅಲ್ಲಿ ಮೆಷಿನ್ನುಗಳೇ ಹೆಚ್ಚು, ಕಲಿಯುವವರು ಕಡಿಮೆ. ಮನೆಯಲ್ಲಿ ಒಬ್ಬಳಿಗೆಂದು ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಅನ್ನ ರಾತ್ರಿಗೆ ಮಿಗುತ್ತಿತ್ತು.

ಕೋಟಿನ ಕತೆ ಶುರುವಾದದ್ದು ಹಿಂದಿನ ವಾರ. ಅಪ್ಪ ಅಮ್ಮನ ಫೋಟೋಕ್ಕೆ ಹೊಸ ಗಾಜು ಹಾಕಿಸಲು ಅವಳು ದೇವರಾಜುವಿನ ಫ್ರೇಮ್ ಅಂಗಡಿಗೆ ಹೋಗಿದ್ದಳು. ದೇವರ ಪಟಗಳ ನಡುವೆ ಬಣ್ಣದ ಚಿತ್ರವೊಂದನ್ನು ಗೋಡೆಗೆ ಒರಗಿಸಿಟ್ಟಿದ್ದರು. ಸಂಜೆಗತ್ತಲ ಜೋಳದ ಹೊಲ. ಹೊಲದ ನಡುವೆ ನಮಗೆ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಂಗಸು. ಕೆಂಪು ಚೌಕುಳಿ ಸೀರೆ, ಅದರ ಮೇಲೆ ಗಂಡಸರ ಕಪ್ಪು ಕೋಟು, ತಲೆಗೆ ಬಿಳಿ ಟವೆಲ್ಲು. ದೂರದ ಯಾರನ್ನೋ ಕರೆಯುವಂತೆ ಒಂದು ಕೈ ಎತ್ತಿದ್ದಾಳೆ. ಕೋಟಿನ ತೋಳು ಉದ್ದವಾಗಿ ಬೆರಳುಗಳೇ ಮುಚ್ಚಿಹೋಗಿವೆ. ಕೆಳಗೆ ಹೆಸರು ಬರೆದಿತ್ತು: 'ಕಾಯುವವಳು'.

ನೀಲಾಂಬಿಕೆ ಗಾಜಿನ ವಿಷಯವನ್ನೇ ಮರೆತಳು. ಇಷ್ಟು ದಿನ ತಾನು ಯಾರಿಗೂ ಹೇಳದ್ದನ್ನು ಯಾರೋ ತಿಳಿದುಕೊಂಡು, ಬಣ್ಣದಲ್ಲಿ ಬರೆದು, ಕಟ್ಟು ಹಾಕಿಸಲು ಕೊಟ್ಟುಬಿಟ್ಟಿದ್ದರು.

"ಹುಣಸೂರಿನ ಶಶಿಕುಮಾರ್ ಅಂತ, ಡ್ರಾಯಿಂಗ್ ಮೇಷ್ಟ್ರು," ಎಂದ ದೇವರಾಜು. "ಬರೋ ಭಾನುವಾರ ಅಲ್ಲಿ ಸಮುದಾಯ ಭವನದಲ್ಲಿ ಅವರ ಚಿತ್ರಗಳನ್ನೆಲ್ಲ ಇಡ್ತಾರೆ. ಬಾಳ ಮೆತ್ತಗಿನ ಮನುಷ್ಯ. ಪಾಪ, ಒಬ್ರೇ ಇದಾರೆ."

ಮಾರನೆಯ ದಿನ ಕನ್ನಡ ಮೆಷಿನ್ನಿಗೆ ಹೊಸ ರಿಬ್ಬನ್ ಹಾಕಿ ಪರೀಕ್ಷೆಗೆಂದು ಒಂದು ಸಾಲು ಹೊಡೆದಾಗ ಕಾಗದದ ಮೇಲೆ 'ಒಬ್ಬರೇ ಇದ್ದಾರೆ' ಎಂದು ಬಂದಿತ್ತು. ಅವಳು ಸುತ್ತಮುತ್ತ ನೋಡಿ ಅದನ್ನು ಹರಿದು ಹಾಕಿದಳು. ಆಮೇಲೆ ಮನೆಗೆ ಹೋಗಿ ಟ್ರಂಕು ತೆಗೆದಳು. ಅಮ್ಮನ ಕೆಂಪು ಚೌಕುಳಿ ಸೀರೆ ಸಿಕ್ಕಿತು. ಕೋರ್ಟಿನಲ್ಲಿ ಅಮೀನರಾಗಿದ್ದ ಅಪ್ಪನ ಕಪ್ಪು ಕೋಟೂ ಸಿಕ್ಕಿತು. ತೊಟ್ಟು ನೋಡಿದರೆ ತೋಳು ಬೆರಳನ್ನು ಮುಚ್ಚುತ್ತಿತ್ತು! ಚಿತ್ರದವಳ ಹಾಗೆಯೇ ಹೋಗಿ ಆ ಮೇಷ್ಟ್ರ ಎದುರು ನಿಂತರೆ ಅವರು ಗುರುತು ಹಿಡಿಯದೆ ಇರುತ್ತಾರೆಯೇ? ನುಸಿಗುಳಿಗೆಯ ವಾಸನೆ ಹೋಗಲೆಂದು ಭಾನುವಾರ ಬೆಳಿಗ್ಗೆ ಕೋಟನ್ನು ಬಿಸಿಲಿಗೆ ಹಾಕಿದಳು.

ಪುಟ್ಟಮಲ್ಲಮ್ಮ ಲೋಟ ಹಿಡಿದು ಕಾಫಿಪುಡಿ ಕೇಳುವ ನೆಪದಲ್ಲಿ ಬಂದಳು. ಕಣ್ಣು ಮಾತ್ರ ಮಂಚದ ಕೆಳಗೆ ಹೋಗಿ ಬಂತು.

"ಯಾರೋ ನೆಂಟ್ರು ಬಂದಂಗದೆ?"

"ಯಾರೂ ಇಲ್ವಲ್ಲ."

"ಕೋಟು ಅದೆ."

"ಅದು ಅಪ್ಪಂದು."

"ನಿಮ್ಮಪ್ಪ ತೀರೋಗಿ ಏಸು ವರ್ಸಾಯ್ತವ್ವ!"

ಇನ್ನು ವಿವರಿಸಿ ಉಪಯೋಗವಿಲ್ಲವೆಂದು ನೀಲಾಂಬಿಕೆ ಮಾತು ಬದಲಿಸಿದಳು. ಮಾತು ಬದಲಿಸಲು ಅವಳಿಗೆ ಹೊಳೆದದ್ದು ಅವಳಿಗೆ ಬೇಕಾಗಿದ್ದ ಒಂದೇ ವಸ್ತು.

"ನಿಮ್ಮನೇಲಿ ಒಂದು ಬಿಳಿ ಟವೆಲ್ ಇದ್ರೆ ಕೊಡ್ತೀರಾ? ಗಂಡಸರು ಹಾಕ್ಕೊಳ್ಳೋದು."

ಪುಟ್ಟಮಲ್ಲಮ್ಮ ಕಾಫಿಪುಡಿಯನ್ನೂ ತೆಗೆದುಕೊಳ್ಳದೆ ಓಡಿದಳು.

ಸ್ವಲ್ಪ ಹೊತ್ತಿಗೆ ಚೆಲುವಮ್ಮ ಟವೆಲ್ಲಿನ ಜೊತೆಗೆ ಇಬ್ಬರಿಗಾಗುವಷ್ಟು ಉಪ್ಪಿಟ್ಟನ್ನೂ ತಂದು, "ಬಿಸಿ ಅದೆ, ಕೊಡಿ ಅವ್ರಿಗೆ," ಎಂದು ಪಿಸುಗುಟ್ಟಿ ಹೋದಳು. 'ಅವರು' ಯಾರೆಂದು ನೀಲಾಂಬಿಕೆಗೆ ತಿಳಿಯಲಿಲ್ಲ. ಆದರೆ ಈ ವಠಾರದಲ್ಲಿ ಯಾರಾದರೂ ಅವಳ ಮನೆಗೆ ತಿಂಡಿ ತಂದುಕೊಟ್ಟದ್ದು ಯಾವ ಕಾಲದಲ್ಲೋ. ಅವಳು ಎರಡೂ ಪಾಲನ್ನು ತಿಂದಳು.

ಸೀರೆಯುಟ್ಟು, ಕೋಟು ತೊಟ್ಟು, ಟವೆಲ್ಲನ್ನು ತಲೆಗೆ ಸುತ್ತಿ ಅವಳು ಹೊರಬಂದಾಗ ಇಬ್ಬರೂ ಅಂಗಳದಲ್ಲೇ ಇದ್ದರು.

"ಅಯ್ಯೋ, ಕೋಟು ನೀವೇ ಆಕ್ಕಂಡ್ಬುಟ್ರಾ?" ಎಂದಳು ಪುಟ್ಟಮಲ್ಲಮ್ಮ. "ಮತ್ತೆ ಅವ್ರು ಏನಾಕ್ಕತಾರೆ?"

"ಯಾರು?"

"ಒಳಗಿರೋರು!"

ಬಸ್ಸಿಗೆ ಹೊತ್ತಾಗಿತ್ತು. ನೀಲಾಂಬಿಕೆ ಬಾಗಿಲೆಳೆದು ಬೀಗ ಹಾಕಿ ಹೊರಟಳು. ಹಿಂದಿನಿಂದ ಚೆಲುವಮ್ಮನ ದನಿ ಕೇಳಿಸಿತು: "ಒಳಗಾಕಿ ಬೀಗ ಜಡಿದ್ಬುಟ್ರಲ್ಲಕ್ಕ!"

ಹುಣಸೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಅವಳು ಹತ್ತಿದ್ದೇ ತಡ, ಮುಂದಿನ ಸೀಟಿನಲ್ಲಿ ಕೂತಿದ್ದ ವಯಸ್ಸಾದ ರೈತನೊಬ್ಬ ಅವರೆಕಾಯಿ ಚೀಲವನ್ನು ಸರಿಸಿ, ಕಿಟಕಿ ಪಕ್ಕದವನನ್ನೂ ಗದರಿಸಿ ಎಬ್ಬಿಸಿದ.

"ಕೂತ್ಕಳಿ ಲಾಯರಮ್ಮ. ನಾನು ಕಟ್ಟೆಮಳಲವಾಡಿ ಕರಿಯಪ್ಪ ಅಂತ."

ಸೀರೆಯ ಮೇಲೆ ಕಪ್ಪು ಕೋಟು ತೊಟ್ಟ ಹೆಂಗಸನ್ನು ಲೋಕ ಬೇರೇನೆಂದು ತಿಳಿಯುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು.

"ನಾನು ಲಾಯರಲ್ಲ," ಎಂದಳು.

"ಗೊತ್ತು ಬುಡಿ, ಇವತ್ತು ಬಾನುವಾರ, ರಜ," ಎಂದು ಕರಿಯಪ್ಪ ನಕ್ಕು, ತಲೆಯ ಟವೆಲ್ ನೋಡಿ, "ತಲೆನೋವಾ? ಓದಿ ಓದಿ ಬತ್ತದೆ," ಎಂದು ಮರುಗಿ, ತನ್ನ ಹೊಲದ ಗಡಿಕಲ್ಲನ್ನು ತಮ್ಮ ಕಿತ್ತು ಬೇರೆಡೆ ನೆಟ್ಟ ಕತೆಯನ್ನು ಶುರು ಮಾಡಿದ. ತಮ್ಮನ ಹೆಂಡತಿ ಬಂದಳು, ಸರ್ವೆಯವರು ಬಂದರು, ಕಲ್ಲು ಎರಡು ಸಲ ಜಾಗ ಬದಲಿಸಿತು. ನೀಲಾಂಬಿಕೆ ನಡುನಡುವೆ "ಹೌದಾ?" ಎಂದಳು, "ಪಾಪ" ಎಂದಳು. ಅವಳಿಗೆ ನಿಜಕ್ಕೂ ಪಾಪವೆನ್ನಿಸಿತ್ತು. ಇಷ್ಟು ಹತ್ತಿರ ಕೂತು ಇಷ್ಟು ಹೊತ್ತು ಅವಳ ಹತ್ತಿರ ಯಾರೂ ಮಾತಾಡಿರಲಿಲ್ಲ. ಹುಣಸೂರು ಬಂದುಬಿಟ್ಟಿತಲ್ಲ ಎಂದು ಬೇಸರವೇ ಆಯಿತು.

"ಇಂಗೆ ಕಿವಿಗೊಟ್ಟು ಕೇಳಿದ ಲಾಯರ್ನ ನಾ ಕಂಡಿಲ್ಲ ಕಣವ್ವ," ಎಂದು ಕರಿಯಪ್ಪ ಅವಳು ಬೇಡ ಬೇಡವೆನ್ನುತ್ತಿದ್ದಂತೆಯೇ ಕೋಟಿನ ಎರಡೂ ಜೇಬಿಗೆ ಅವರೆಕಾಯಿ ತುಂಬಿ ಜನರಲ್ಲಿ ಮರೆಯಾದ.

ಜೇಬುಗಳು ದಪ್ಪಗೆ ಉಬ್ಬಿಕೊಂಡು, ಸೊಂಟದಲ್ಲಿ ಎರಡು ಕೋಳಿ ಕಟ್ಟಿಕೊಂಡವಳ ಹಾಗೆ ಅವಳು ಸಮುದಾಯ ಭವನದ ಮೆಟ್ಟಿಲು ಹತ್ತಿದಳು. ಚಿತ್ರ ಎದುರು ಗೋಡೆಯಲ್ಲೇ ಇತ್ತು. ಅವಳು ಅದರ ಪಕ್ಕದಲ್ಲಿ ಹೋಗಿ ನಿಂತಳೋ ಇಲ್ಲವೋ, ಯಾರೋ ಕೂಗಿದರು:

"ಇವ್ರೇ ಕಣ್ರೀ! ಚಿತ್ರದಲ್ಲಿರೋರು!"

ಜನ ಮುತ್ತಿಕೊಂಡರು. ಎಷ್ಟು ದಿನ ನಿಂತಿದ್ರಿ ಎಂದು ಒಬ್ಬರು, ಕಾಲು ನೋಯಲಿಲ್ವಾ ಎಂದು ಇನ್ನೊಬ್ಬರು. ನೀಲಾಂಬಿಕೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ನಕ್ಕಳು. ಉದ್ಘಾಟನೆಗೆ ಬಂದಿದ್ದ ಮುಖಂಡರು ತಮಗೆ ಹಾಕಿದ್ದ ಹಾರವನ್ನೇ ತೆಗೆದು ಅವಳಿಗೆ ಹಾಕಿ, "ಇಂಥ ತಾಯಂದಿರಿಂದಲೇ ಕಲೆ ಉಳಿದಿದೆ," ಎಂದರು. ಫೋಟೋದವನು, "ಮೇಡಂ, ಅದೇ ಥರ ತಿರುಗಿ ಕೈ ಎತ್ತಿ," ಎಂದ. ಅವಳು ಗೋಡೆಯ ಕಡೆ ತಿರುಗಿ ಕೈ ಎತ್ತಿದಳು. ಹಿಂದಿನಿಂದ ಚಪ್ಪಾಳೆ ಬಿತ್ತು. ಗೋಡೆಯ ಸುಣ್ಣ ನೋಡುತ್ತಿದ್ದಂತೆ ಅವಳ ಕಣ್ಣು ತುಂಬಿತು.

"ಮೇಷ್ಟ್ರು ಬಂದ್ರು," ಎಂದು ಯಾರೋ ಅಂದರು.

ಕೈ ಎತ್ತಿಕೊಂಡೇ ಅವಳು ತಿರುಗಿದಳು. ಶಶಿಕುಮಾರ್ ತೆಳ್ಳಗಿದ್ದರು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ಅವಳನ್ನು ನೋಡಿ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು.

"ಅಬ್ಬಾ! ತೋಳಿನ ಉದ್ದ ಸಮೇತ ಅದೇ!"

ನೀಲಾಂಬಿಕೆ ವಾರವೆಲ್ಲ ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದಳು. "ನೀವು ಅವಳ ಮನಸ್ಸು ಅರ್ಥ ಮಾಡ್ಕೊಂಡು ಬರೆದಿದೀರಿ. ಅವಳು ಯಾರಿಗೆ ಕಾಯ್ತಿದಾಳೆ ಸಾರ್?"

"ಯಾರಿಗೂ ಇಲ್ಲ ಮೇಡಂ," ಎಂದರು ಮೇಷ್ಟ್ರು ಸಂತೋಷದಿಂದ. "ಜೋಳ ಕಾಯ್ತಿದಾಳೆ. ಬೆರ್ಚಪ್ಪ ಅದು!"

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಗಿಳಿ ಹೆದರ್ಸೋಕೆ ಹೊಲದಲ್ಲಿ ನಿಲ್ಲಿಸ್ತಾರಲ್ರೀ, ಬೆದರುಬೊಂಬೆ. ಒಳಗೆಲ್ಲ ಹುಲ್ಲು. ಮನೇಲಿದ್ದ ಹಳೇ ಸೀರೆ, ಹಳೇ ಕೋಟು ಸುತ್ತಿದ್ರು. ಹೊಲ ಕಾಯೋಳು, ಅದಕ್ಕೇ 'ಕಾಯುವವಳು'."

ಮೊದಲು ನಕ್ಕವರು ಹಾರ ಹಾಕಿದ ಮುಖಂಡರು. ಆಮೇಲೆ ಇಡೀ ಭವನ ನಕ್ಕಿತು. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ನೀಲಾಂಬಿಕೆಯೂ ಸ್ವಲ್ಪ ನಕ್ಕಳು. ಎತ್ತಿದ ಕೈಯನ್ನು ಇಳಿಸಬೇಕೆಂಬುದು ಅವಳಿಗೆ ಆಮೇಲೆ ನೆನಪಾಯಿತು.

ಅವಳು ಮೆಟ್ಟಿಲಿಳಿಯುತ್ತಿದ್ದಾಗ ಶಶಿಕುಮಾರ್ ಎರಡು ಲೋಟ ಕಾಫಿ ಹಿಡಿದು ಹಿಂದೆಯೇ ಬಂದರು.

"ಬೇಜಾರಾಯ್ತಾ? ನಾನು ಹಂಗೆ ಎಲ್ರೆದುರಿಗೆ ಹೇಳಬಾರದಿತ್ತು," ಎಂದರು. "ನನ್ನ ಚಿತ್ರಾನ ಯಾರೂ ಇಷ್ಟು ಗಮನ ಕೊಟ್ಟು ನೋಡಿಲ್ಲ. ನಿಂತು ನೋಡೋರೇ ಇಲ್ಲ."

ಅವಳು ಕಾಫಿ ತೆಗೆದುಕೊಂಡಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವರು ಏನೋ ಹೇಳಲು ಹೊರಟು ತಡೆದರು, ಕನ್ನಡಕ ತೆಗೆದು ಒರೆಸಿದರು.

"ನಿಮ್ಮನ್ನ ಒಂದು ಮಾತು ಕೇಳಬೇಕು. ತಪ್ಪು ತಿಳ್ಕೋಬಾರದು. ಇದಕ್ಕೆ ಮನೇಲಿ ಯಾರನ್ನಾದ್ರೂ ಕೇಳಬೇಕಾಗತ್ತಾ?"

"ಯಾರೂ ಇಲ್ಲ," ಎಂದಳು ನೀಲಾಂಬಿಕೆ, ತುಸು ಬೇಗನೆ.

"ಒಳ್ಳೇದಾಯ್ತು. ಏನಂದ್ರೆ, ಮೈಸೂರಿನೋರೊಬ್ರು ಇಂಥದ್ದೇ ಇನ್ನೊಂದು ಚಿತ್ರ ಬೇಕು ಅಂತಿದಾರೆ. ಜೋಳ ಕುಯ್ದ ಮೇಲೆ ಹೊಲದೋರು ಆ ಬೆರ್ಚಪ್ಪನ್ನ ಸುಟ್ಟುಹಾಕಿಬಿಟ್ರು. ಒಂದೆರಡು ಭಾನುವಾರ ನೀವು ಬಂದು ಅದರ ಜಾಗದಲ್ಲಿ ನಿಂತ್ಕೋತೀರಾ?"

ನೀಲಾಂಬಿಕೆ ಒಂದು ಗುಟುಕು ಕಾಫಿ ಕುಡಿದಳು. ಆಮೇಲೆ ಟವೆಲ್ಲು ಸರಿಸಿ, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತಳ್ಳಿದಳು.

"ಈ ಸಲ ಮುಖ..."

"ಅಯ್ಯೋ, ಮುಖ ಬೇಡ ಮೇಡಂ, ಆ ಕಡೆ ತಿರುಗಿದ್ರೆ ಸಾಕು."

"ನಿಂತಿರುವಾಗ ಮಾತಾಡಬಹುದಾ?"

ಮೇಷ್ಟ್ರು ಯೋಚಿಸಿದರು. "ಮಾತಾಡಿದ್ರೆ ಭುಜ ಅಲ್ಲಾಡತ್ತೆ. ಬೇಕಾದ್ರೆ ನಾನು ಮಾತಾಡ್ತಾ ಇರ್ತೀನಿ, ನೀವು ಕೇಳ್ತಿರಿ."

ನೀಲಾಂಬಿಕೆ ಕಾಫಿಯನ್ನು ಕುಡಿದು ಮುಗಿಸಿ ಲೋಟವನ್ನು ಮೆಟ್ಟಿಲ ಮೇಲಿಟ್ಟಳು.

"ಎಷ್ಟು ಗಂಟೆಗೆ ಬರಲಿ?" ಎಂದಳು.